ಆಪರೇಶನ್ ಲೆಕ್ಕ ಆಮೇಲೆ, ಮೊದಲು ಸ್ಟಾಕ್ ರಿಜಿಸ್ಟರ್ ನೋಡಿ

ಪ್ರಶ್ನೆ: ಅಕ್ಕಾರೆ, ನಮಸ್ಕಾರ. ರೋಣ ತಾಲೂಕಿನ 12 ಹಳ್ಳಿಗಳಲ್ಲಿ ನಮ್ಮ ಸಣ್ಣ ಸಂಸ್ಥೆ ಕುಟುಂಬ ಯೋಜನೆ ಮತ್ತು ತಾಯಂದಿರ ಆರೋಗ್ಯದ ಕೆಲಸ ಶುರು ಮಾಡುತ್ತಿದೆ. ಮೊದಲ ವರ್ಷ ಎಷ್ಟು ಸಂತಾನಹರಣ ಆಪರೇಶನ್ ಮಾಡಿಸುತ್ತೀರಿ ಅಂತ ದುಡ್ಡು ಕೊಡುವವರು ಕೇಳುತ್ತಿದ್ದಾರೆ. ಊರವರು 'ಈಗ ಎಲ್ಲರಿಗೂ ಎರಡೇ ಮಕ್ಕಳು, ಇದೆಲ್ಲ ಯಾಕ್ರಿ' ಅಂತಾರೆ. ಮೊದಲ ಸಭೆಗೆ ಒಬ್ಬ ಗಂಡಸೂ ಬರಲಿಲ್ಲ. ಎಲ್ಲಿಂದ ಶುರು ಮಾಡಲಿ?
– ಒಬ್ಬ ಓದುಗ, ಗದಗ ಜಿಲ್ಲೆ

ಉತ್ತರ: ತಮ್ಮಾ, ಊರವರು ಹೇಳಿದ್ದು ಸುಳ್ಳಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು. ಅಂದರೆ ಸಂಖ್ಯೆ ಇಳಿಸುವ ಕೆಲಸ ಮುಗಿದಿದೆ. ಆದರೆ ಇಳಿದದ್ದು ಹೇಗೆ? ಅದೇ ಸಮೀಕ್ಷೆಯಲ್ಲಿ ಮದುವೆಯಾದ ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಆಪರೇಶನ್ ಆಗಿದೆ, ಗಂಡಸರದ್ದು ಹೆಚ್ಚುಕಡಿಮೆ ಸೊನ್ನೆ. ಇಪ್ಪತ್ತನೇ ವಯಸ್ಸಿಗೆ ಒಂದು ಮಗು, ಬೆನ್ನಿಗೇ ಇನ್ನೊಂದು, ಆಮೇಲೆ ಆಪರೇಶನ್, ಮುಗೀತು. ಒಂದು ಹೆರಿಗೆಯಾದ ಮೇಲೆ ಮತ್ತೆ ಬಸಿರಾಗಲು ಕನಿಷ್ಠ ಎರಡು ವರ್ಷ ಬಿಡಬೇಕು ಅಂತ ವೈದ್ಯರು ಹೇಳುತ್ತಾರೆ. ಆ ಎರಡು ವರ್ಷ ಅವಳ ಕೈಗೆ ಸಿಗುವ ಹಾಗೆ ಮಾಡುವುದೇ ನಿಮ್ಮ ಕೆಲಸ.

ನಾನು ಹಾವೇರಿ ಜಿಲ್ಲೆಯಲ್ಲಿ ನರ್ಸ್ ಆಗಿದ್ದಾಗ ನೋಡಿದ್ದು ಹೇಳುತ್ತೇನೆ. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಿದ್ದ ಹುಡುಗಿ, ಎಂಟು ತಿಂಗಳ ಕೂಸು. ಬಸಿರು ತಡೆಯುವ ಅಂತರಾ ಸೂಜಿ ಮಾಡಿಸಿಕೊಂಡಳು, ಮೂರು ತಿಂಗಳಿಗೊಂದು. ಮುಂದಿನ ತಾರೀಖು ಬರೆದ ಕಾರ್ಡನ್ನು ಎಲೆ-ಅಡಿಕೆ ಚೀಲದೊಳಗೆ ಮಡಚಿ ಇಟ್ಟುಕೊಂಡಿದ್ದಳು, ಅದರ ಮೇಲೆಲ್ಲ ಕೆಂಪು ಬೆರಳಿನ ಗುರುತು. ಸರಿಯಾಗಿ ಅದೇ ದಿನ ಕೂಲಿ ಬಿಟ್ಟು ಬಂದಳು. ಸ್ಟಾಕ್ ಇರಲಿಲ್ಲ. ಮುಂದಿನ ವಾರ ಬಂದಳು, ಇಲ್ಲ. ಮತ್ತೆ ಬಂದಳು, ಇಲ್ಲ. ನಾಲ್ಕನೇ ಸಲ ಬಂದದ್ದು ಬಸಿರಿಯಾಗಿ. 'ಅಕ್ಕಾರ, ನಾ ತಪ್ಪಿಸಿಲ್ರಿ' ಅಂತ ಕಾರ್ಡು ಬಿಚ್ಚಿ ತೋರಿಸಿದಳು. ನನಗೆ ಮುಖ ಎತ್ತಲಾಗಲಿಲ್ಲ.

ಅದಕ್ಕೇ ಹೇಳುವುದು, ಸಭೆ, ಬ್ಯಾನರ್ ಎಲ್ಲ ಆಮೇಲೆ. ಮೊದಲು ಆ 12 ಹಳ್ಳಿಗಳ ಸಬ್ ಸೆಂಟರ್‌ಗಳಿಗೆ (ಆರೋಗ್ಯ ಉಪಕೇಂದ್ರಗಳಿಗೆ) ಹೋಗಿ ಸ್ಟಾಕ್ ರಿಜಿಸ್ಟರ್ ನೋಡಲು ಕೇಳಿ. ಅಂತರಾ, ಬಸಿರು ತಡೆಯುವ ಛಾಯಾ ಗುಳಿಗೆ, ವಂಕಿ (ಕಾಪರ್-ಟಿ), ನಿರೋಧ್, ಯಾವುದು ಎಷ್ಟು ದಿನ ಖಾಲಿ ಇತ್ತು ಅಂತ ಬರೆದುಕೊಳ್ಳಿ. ತಾಲೂಕು ಆರೋಗ್ಯಾಧಿಕಾರಿಗಳ ಹತ್ತಿರ ಆ ಪಟ್ಟಿ ಹಿಡಿದು ಕುಳಿತುಕೊಳ್ಳಿ, ದೂರು ಅಂತ ಅಲ್ಲ, ಇಂಡೆಂಟ್ (ಸ್ಟಾಕ್ ಬೇಡಿಕೆ ಪತ್ರ) ಯಾವಾಗ ಹಾಕಬೇಕು, ತರಲು ಗಾಡಿ ಇದೆಯಾ ಅಂತ ಕೇಳಲಿಕ್ಕೆ. ನೀವು ಬೇರೆಯೇ ಒಂದು ದವಾಖಾನೆ ತೆರೆಯಲು ಹೋಗಬೇಡಿ, ಆಶಾ ಕಾರ್ಯಕರ್ತೆಯರ ಜೊತೆಗೇ ನಡೆಯಿರಿ.

ಎರಡನೆಯದು, ಇರುವುದನ್ನು ಇರುವ ಹಾಗೆ ಹೇಳುವುದು. ಅಂತರಾ ತಗೊಂಡರೆ ಮುಟ್ಟು ಏರುಪೇರಾಗುತ್ತದೆ, ಕೆಲವರಿಗೆ ನಿಂತೇ ಹೋಗುತ್ತದೆ, ಅದರಿಂದ ಅಪಾಯವಿಲ್ಲ, ಆದರೆ ಬಿಟ್ಟ ಮೇಲೆ ಬಸಿರು ನಿಲ್ಲಲು ಕೆಲವು ತಿಂಗಳು ತಡವಾಗಬಹುದು. ಛಾಯಾ ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೊಂದು. ಇದನ್ನು ಮೊದಲೇ ಹೇಳದಿದ್ದರೆ ಏನಾಗುತ್ತೆ ಗೊತ್ತಾ? ಮುಟ್ಟು ತಪ್ಪಿದ ದಿನವೇ ಅತ್ತೆ 'ಹೊಟ್ಟ್ಯಾಗ ಕೆಟ್ಟ ರಕ್ತ ನಿಂತೈತಿ' ಅಂತಾಳೆ, ಸೂಜಿ ಅಲ್ಲಿಗೆ ಬಂದ್. ಆದ್ದರಿಂದ ಸೊಸೆ ಒಪ್ಪಿದರೆ ಅತ್ತೆಯನ್ನೂ ಕೂರಿಸಿ ಮಾತಾಡಿ. ಒಪ್ಪದಿದ್ದರೆ ಬೇಡ, ಅವಳ ಗುಟ್ಟು ಅವಳದ್ದು.

ದುಡ್ಡು ಕೊಡುವವರಿಗೆ ನೇರವಾಗಿ ಹೇಳಿ. 1952ರಲ್ಲೇ ದೇಶದ ಮಟ್ಟದಲ್ಲಿ ಕುಟುಂಬ ಯೋಜನೆ ಶುರು ಮಾಡಿದ ಮೊದಲ ದೇಶ ನಮ್ಮದು. ಟಾರ್ಗೆಟ್ ಹಿಡಿದು ಓಡಿದರೆ ಏನಾಗುತ್ತದೆ ಅನ್ನುವುದನ್ನೂ ನಾವೇ ನೋಡಿದ್ದೇವೆ. ತುರ್ತು ಪರಿಸ್ಥಿತಿಯಲ್ಲಿ, 1976-77ರ ಒಂದೇ ವರ್ಷ 80 ಲಕ್ಷಕ್ಕೂ ಜಾಸ್ತಿ ಆಪರೇಶನ್ ಆದವು, ಎಷ್ಟೋ ಕಡೆ ಬಲವಂತದಿಂದ, ಹೆಚ್ಚಿನವು ಗಂಡಸರದ್ದೇ. ಆ ಹೆದರಿಕೆ ಇವತ್ತಿಗೂ ಪೂರ್ತಿ ಹೋಗಿಲ್ಲ. 1996ರಲ್ಲಿ ಸರ್ಕಾರವೇ ಟಾರ್ಗೆಟ್ ಕೈಬಿಟ್ಟಿತು. 2000ದ ಜನಸಂಖ್ಯಾ ನೀತಿ ತಿಳಿದು, ಒಪ್ಪಿ ಮಾಡಿಸಿಕೊಳ್ಳಬೇಕು ಅನ್ನುತ್ತದೆ. ಆಪರೇಶನ್ ಸಂಖ್ಯೆಯ ಬದಲು ಎರಡು ಲೆಕ್ಕ ಕೊಡಿ: ಶುರು ಮಾಡಿದವರಲ್ಲಿ ವರ್ಷದ ಮೇಲೂ ಎಷ್ಟು ಜನ ಮುಂದುವರಿಸಿದರು, ಸ್ಟಾಕ್ ಇಲ್ಲದ ದಿನ ಎಷ್ಟು. ಲೆಕ್ಕ ಇಡುವ ಕ್ರಮ ಗೊತ್ತಾಗದಿದ್ದರೆ ಧಾರವಾಡದಲ್ಲೇ ಜನಸಂಖ್ಯಾ ಸಂಶೋಧನಾ ಕೇಂದ್ರ ಇದೆ, ಹೋಗಿ ಕೇಳಿ.

ಇನ್ನು ಗಂಡಸರು. ಮಧ್ಯಾಹ್ನ ಅಂಗನವಾಡಿಯಲ್ಲಿ ಸಭೆ ಕರೆದರೆ ಯಾರು ಬರುತ್ತಾರೆ? ಬೆಳಿಗ್ಗೆ ಹಾಲಿನ ಡೇರಿ ಮುಂದೆ, ಸಂಜೆ ಚಹಾದಂಗಡಿ ಕಟ್ಟೆ ಮೇಲೆ ಸಿಗುತ್ತಾರೆ, ಅಲ್ಲಿಗೇ ಗಂಡಸು ಕಾರ್ಯಕರ್ತರನ್ನು ಕಳಿಸಿ. ಗಂಡಸರ ಆಪರೇಶನ್ ಬಗ್ಗೆ ಹೀಗೆ ಹೇಳಲಿ: ಹೊಲಿಗೆ ಇಲ್ಲ, ಹೆಚ್ಚೆಂದರೆ ಅರ್ಧ ಗಂಟೆ, ಅದೇ ದಿನ ಮನೆಗೆ, ಶಕ್ತಿ ಕುಂದುವುದಿಲ್ಲ. ಆದರೆ ಮೊದಲ ಮೂರು ತಿಂಗಳು ನಿರೋಧ್ ಬೇಕೇ ಬೇಕು, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಬೇಕು. ಇದನ್ನು ಮರೆತರೆ ನಡುವೆ ಬಸಿರು ನಿಂತು ಬೈಗುಳ ಹೆಂಡತಿಗೆ ಬೀಳುತ್ತದೆ. ಸುಗ್ಗಿಯಲ್ಲಿ ಮಾತ್ರ ಈ ಕೆಲಸಕ್ಕೆ ಹೋಗಬೇಡಿ, ರಾಶಿ ಮುಗಿದು ಕೈ ಖಾಲಿಯಾಗಲಿ.