ಶ್ರೀಲಂಕಾದ ಹಸಿರು ಮಂಡಲದ ಹಾವು ನೋಡಲು ಹೋಗುವಾಗ ಇಲ್ಲಿಂದಲೇ ಆ್ಯಂಟಿವೆನಮ್ (ಹಾವಿನ ವಿಷಕ್ಕೆ ಕೊಡುವ ಔಷಧ) ಒಯ್ಯಬೇಕಾ?

ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ನನ್ನ ಎಡಗಾಲು ನೆನಪಾಯಿತು. 2017ರಲ್ಲಿ ನಾನೂ ಹೀಗೇ ಹೊರಟಿದ್ದೆ. ಆ ದ್ವೀಪ ಬಿಟ್ಟು ಬೇರೆಲ್ಲೂ ಇಲ್ಲದ ಹಾವು, ಅದರ ಫೋಟೋ ಬೇಕೇ ಬೇಕು ಅನ್ನುವ ಹುಚ್ಚು.

ಸಿಂಹರಾಜ ಕಾಡು, ಕುಡವ ಕಡೆಯ ಗೇಟು. ಹಳ್ಳ ದಾಟಿ ಶೂ ಒದ್ದೆಯಾಗಿತ್ತು, ಉಂಬಳ (ಜಿಗಣೆ) ಹತ್ತದಂತೆ ತಡೆಯುವ ಕಾಲುಚೀಲದ ಮೇಲೆ ಸ್ಯಾಂಡಲ್ ಹಾಕಿಕೊಂಡಿದ್ದೆ. ಮಧ್ಯಾಹ್ನ ಗೈಡ್ ಬೆರಳು ತೋರಿಸಿದರು. "ಪಲಾ ಪೊಲಂಗಾ." ಹಸಿರು ಮಂಡಲಕ್ಕೆ ಅಲ್ಲಿನ ಹೆಸರು. ಸೊಂಟದೆತ್ತರದ ಕೊಂಬೆಯಲ್ಲಿ ಎಲೆಹಸಿರು ಮೈ, ಮೇಲೆ ಕಪ್ಪು ಚಿತ್ತಾರ. ಸುರುಳಿ ಸುತ್ತಿ ಕೂತಿತ್ತು.

ಪೂರ್ತಿ ಹಾವು ಫ್ರೇಮಿಗೆ ಬರಲಿಲ್ಲ. ಕ್ಯಾಮೆರಾದಿಂದ ಕಣ್ಣು ತೆಗೆಯದೆ ಹಿಂದೆ ಸರಿದೆ. ನಾನು ಮಾಡಿದ ತಪ್ಪು ಇದೊಂದೇ. ಕಣ್ಣು ತೆಗೆದು, ತಿರುಗಿ, ನೆಲ ನೋಡಿ ಕಾಲಿಡಲು ಎರಡು ಸೆಕೆಂಡ್ ಸಾಕಿತ್ತು. ಅವಸರವೂ ಇರಲಿಲ್ಲ! ಅದು ಹೊಂಚು ಹಾಕಿ ರಾತ್ರಿ ಬೇಟೆಯಾಡುವ ಜಾತಿ, ಹಗಲೆಲ್ಲ ಕೂತಲ್ಲೇ ಕೂತಿರುತ್ತದೆ. ಇದನ್ನು ನಾನೇ ಹೆಂಡತಿಗೆ ವಿಮಾನದಲ್ಲಿ ಪಾಠ ಮಾಡಿದ್ದೆ. ಈಗಷ್ಟೇ ನಡೆದು ಬಂದ ಜಾಗ ಅಲ್ವಾ, ಏನಿರುತ್ತೆ ಅಂದುಕೊಂಡೆ. ಆದರೆ ಬಂದ ಗೆರೆಯಲ್ಲೇ ಹಿಂದೆ ಹೋಗಿರಲಿಲ್ಲ. ಒಂದು ಗೇಣು ಪಕ್ಕಕ್ಕೆ, ತರಗೆಲೆ ರಾಶಿಯ ಮೇಲೆ ಕಾಲಿಟ್ಟಿದ್ದೆ.

ಅಲ್ಲಿದ್ದದ್ದು ಮೂತಿ ಮೇಲೆತ್ತಿದ, ಒಣಎಲೆ ಬಣ್ಣದ ಪುಟ್ಟ ಮಂಡಲ. ಅಲ್ಲಿನವರು ಕುಣಕಟುವಾ ಅನ್ನುತ್ತಾರೆ. ತಮಾಷೆ ಏನಂದ್ರೆ ಈ ಹಾವು ನಮ್ಮ ಪಶ್ಚಿಮ ಘಟ್ಟದಲ್ಲೂ ಇದೆ. ಸಮುದ್ರ ದಾಟಿ ಹೋಗಿ ಊರಿನ ನೆಂಟನಿಂದ ಕಚ್ಚಿಸಿಕೊಂಡೆ.

ಆಸ್ಪತ್ರೆಯಲ್ಲಿ ಮೊದಲು ಕೇಳಿದ್ದೇ "ಆ್ಯಂಟಿವೆನಮ್ ಕೊಡಿ" ಅಂತ. ಡಾಕ್ಟರ್ ಇಲ್ಲ ಅಂದರು. ಭಾರತದಲ್ಲಿ ತಯಾರಾಗುವ ಔಷಧ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಮಾತ್ರ. ಕುಣಕಟುವಾಕ್ಕೂ ಆಗಲ್ಲ, ನಿಮ್ಮ ಹಸಿರು ಮಂಡಲಕ್ಕೂ ಆಗಲ್ಲ. ಗಾಜಿನ ಕೊಳವೆಯಲ್ಲಿ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಡುತ್ತಿದ್ದರು. ಹೆಪ್ಪುಗಟ್ಟಿದರೆ ಸರಿ, ಇಲ್ಲದಿದ್ದರೆ ವಿಷ ರಕ್ತವನ್ನು ಕೆಡಿಸಿದೆ ಅಂತ. ಮತ್ತೆ ಮತ್ತೆ ಅದೇ ಪರೀಕ್ಷೆ. ಈ ಹಾವು ಕೆಲವರ ಕಿಡ್ನಿ ಕೆಡಿಸುತ್ತದೆ ಅಂತ ಮೂತ್ರದ ಲೆಕ್ಕ ಬೇರೆ. ನಾಲ್ಕು ದಿನ ವಾರ್ಡ್, ತಪ್ಪಿದ ವಿಮಾನ, ಬಾಳೆದಿಂಡಿನಂತೆ ಊದಿದ ಕಾಲು. ಕಿಡ್ನಿ ಉಳಿಯಿತು.

ಹಾಗಾಗಿ ಆ್ಯಂಟಿವೆನಮ್ ಒಯ್ಯುವ ಯೋಚನೆಯೇ ತಪ್ಪು. ಸರಿಯಾದದ್ದೇ ಸಿಕ್ಕರೂ ಅದನ್ನು ಡಾಕ್ಟರ್ ಎದುರಲ್ಲೇ ಕೊಡಬೇಕು, ಅಲರ್ಜಿಯಾದರೆ ಜೀವಕ್ಕೇ ಅಪಾಯ. ಆ ದುಡ್ಡಲ್ಲಿ ಪಾದದ ಗಂಟು ಮುಚ್ಚುವ ಗಟ್ಟಿ ಬೂಟು ತಗೊಳ್ಳಿ. ಕೊಂಬೆ ಮೇಲಿನ ಹಾವಿಗೆ ಹೆದರುವುದು ಬಿಡಿ, ನೆಲ ನೋಡಿ. ಲೆನ್ಸ್ ಬಗ್ಗೆಯೂ ಕೇಳಿದ್ದೀರಿ. ಯಾವುದಾದರೂ ಆಗುತ್ತೆ, ದೂರದಿಂದ ತೆಗೆಯುವಂಥದ್ದು ಇರಲಿ.

ಅಂದಹಾಗೆ, ಮರುದಿನ ಗೈಡ್ ಅದೇ ದಾರಿಯಲ್ಲಿ ಹೋಗಿ ನನಗೊಂದು ಫೋಟೋ ಕಳಿಸಿದರು. ಹಸಿರು ಮಂಡಲ ಅದೇ ಕೊಂಬೆಯಲ್ಲಿ ಹಾಗೇ ಕೂತಿತ್ತು.