ಆರು ಜನ ದೊಡ್ಡವರಿದ್ದರೂ ಮಗು ನೀರಿಗಿಳಿದದ್ದು ಯಾರಿಗೂ ಕಾಣಲಿಲ್ಲ!

ಪ್ರಶ್ನೆ: ನನಗೆ 34 ವರ್ಷ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಮಗನಿಗೆ ಐದು ವರ್ಷ, ಮಗಳಿಗೆ ಎರಡು. ಕಳೆದ ವರ್ಷ ನನ್ನ ಗಂಡನ ಕಾಲೇಜು ಗೆಳೆಯರಿಬ್ಬರ ಕುಟುಂಬದ ಜೊತೆ ಉಡುಪಿ ಕಡೆಯ ಒಂದು ಬೀಚ್ ರೆಸಾರ್ಟ್‌ಗೆ ಹೋಗಿದ್ದೆವು. ದೊಡ್ಡವರು ಆರು ಜನ, ಮಕ್ಕಳು ಐದು. ಸಂಜೆ ಗಂಡಸರು ಪೂಲ್ ಪಕ್ಕದ ಟೇಬಲ್‌ನಲ್ಲಿ ಬಿಯರ್ ಕುಡಿಯುತ್ತಾ ಕೂತಿದ್ದರು. ಮಗಳ ಡೈಪರ್ ಬದಲಿಸಬೇಕಿತ್ತು. "ಮಗನ್ನ ಸ್ವಲ್ಪ ನೋಡ್ಕೊಳ್ಳಿ" ಎಂದು ಹೇಳಿ ರೂಮಿಗೆ ಹೋದೆ. ವಾಪಸ್ ಬಂದಾಗ ಅವನು ದೊಡ್ಡವರ ಪೂಲ್‌ನ ಮೆಟ್ಟಿಲ ಮೇಲೆ ಗಲ್ಲದವರೆಗೂ ನೀರಿನಲ್ಲಿ ನಿಂತಿದ್ದ. ಟೇಬಲ್ ಹತ್ತು ಹೆಜ್ಜೆ ದೂರದಲ್ಲಿತ್ತು. ಯಾರೂ ನೋಡಿರಲಿಲ್ಲ. ಓಡಿ ಹೋಗಿ ಎತ್ತಿಕೊಂಡೆ. ನನ್ನ ಗಂಡ "ನಾವೆಲ್ಲ ಅಲ್ಲೇ ಇದ್ವಲ್ಲ, ಏನೂ ಆಗ್ಲಿಲ್ವಲ್ಲ" ಎಂದರು. ಈ ಡಿಸೆಂಬರ್ ರಜೆಗೆ ಅದೇ ಗುಂಪು ಗೋಕರ್ಣಕ್ಕೆ ಹೊರಟಿದೆ. ಈ ವಾರ ಅಡ್ವಾನ್ಸ್ ಕಟ್ಟಬೇಕು. ಬೇಡ ಎಂದರೆ ನನ್ನಿಂದ ಗೆಳೆತನ ಕೆಡುತ್ತದೆ ಎನ್ನುತ್ತಾರೆ. ಹೋದರೆ ಮೂರು ದಿನವೂ ನಾನೇ ಕಾವಲು. ನಾನು ಅತಿಯಾಗಿ ಹೆದರುತ್ತಿದ್ದೇನಾ?
— ಹೆಸರು ಬೇಡ, ಬೆಂಗಳೂರು

ಉತ್ತರ: ಇಲ್ಲ, ಅತಿಯಾಗಿ ಹೆದರುತ್ತಿಲ್ಲ. ಅವತ್ತು ಇನ್ನೊಂದು ಮೆಟ್ಟಿಲು ಇಳಿದಿದ್ದರೆ ಏನಾಗುತ್ತಿತ್ತು ಎಂಬುದು ನಿಮಗೆ ಗೊತ್ತು. ನಿಮ್ಮ ಗಂಡನಿಗೂ ಗೊತ್ತು. "ಏನೂ ಆಗ್ಲಿಲ್ವಲ್ಲ" ಎನ್ನುವವರು ಎಷ್ಟೋ ಸಲ ಒಳಗೊಳಗೇ ನಡುಗಿರುತ್ತಾರೆ. ಅದನ್ನು ಒಪ್ಪಿಕೊಂಡರೆ ತಪ್ಪು ತಮ್ಮದಾಗುತ್ತದಲ್ಲ, ಅದಕ್ಕೇ ಬಾಯಿ ಬಿಡುವುದಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಅವರು ಹೇಳಿದ ಇನ್ನೊಂದು ಮಾತು. "ನಾವೆಲ್ಲ ಅಲ್ಲೇ ಇದ್ವಲ್ಲ." ತೊಂದರೆ ಇರುವುದೇ ಅಲ್ಲಿ. ಒಬ್ಬರೇ ಇದ್ದಿದ್ದರೆ ಅವರ ಕಣ್ಣು ಮಗುವಿನ ಮೇಲೆ ಇರುತ್ತಿತ್ತು. ಮೂರು ಜನ ಇದ್ದರು, ಒಬ್ಬೊಬ್ಬರೂ ಉಳಿದ ಇಬ್ಬರನ್ನು ನಂಬಿಕೊಂಡರು. ನೀವು "ನೋಡ್ಕೊಳ್ಳಿ" ಎಂದು ಹೇಳಿದ್ದು ಇಡೀ ಟೇಬಲ್‌ಗೆ. ಯಾರಾದರೂ ಹೆಸರು ಹಿಡಿದು, ಮುಖ ನೋಡಿ "ಆಯ್ತು, ನಾನು ನೋಡ್ತೀನಿ" ಎಂದರೇ? ಅನ್ನದೇ ಇದ್ದಿದ್ದರೆ ನೀವು ಮಗುವನ್ನು ಯಾರ ಕೈಗೂ ಒಪ್ಪಿಸಿರಲಿಲ್ಲ. ಇದು ನಿಮ್ಮನ್ನು ದೂರುವ ಮಾತಲ್ಲ. ಕಂಕುಳಲ್ಲಿ ಅಳುವ ಕೂಸು ಇರುವಾಗ ಯಾರೇ ಆದರೂ ಹಾಗೇ ಹೇಳಿ ಓಡುತ್ತಾರೆ. ಈ ಸಲ ಬದಲಾಗಬೇಕಾದದ್ದು ಅದು ಎಂದು ಮಾತ್ರ ಹೇಳುತ್ತಿದ್ದೇನೆ.

ಇನ್ನೊಂದು ವಿಷಯ ನಿಮ್ಮ ಗಂಡನಿಗೆ ಗೊತ್ತಿರಲಿ. ಮುಳುಗುವ ಮಗು ಕೂಗುವುದಿಲ್ಲ. ಸಿನಿಮಾದಲ್ಲಿ ತೋರಿಸುವ ಹಾಗೆ ಕೈ ಬೀಸಿ "ಕಾಪಾಡಿ" ಎನ್ನುವುದಿಲ್ಲ. ಬಾಯಿ ನೀರಿನ ಮಟ್ಟಕ್ಕೆ ಬಂದಾಗ ಉಸಿರಿಗೇ ಜಾಗವಿಲ್ಲ, ಕೂಗುವುದು ಎಲ್ಲಿಂದ? ತಲೆ ಹಿಂದಕ್ಕೆ ವಾಲುತ್ತದೆ, ಕೈಗಳು ನೀರನ್ನು ಕೆಳಕ್ಕೆ ಒತ್ತುತ್ತವೆ, ಒಂದು ನಿಮಿಷದೊಳಗೆ ಮಗು ಒಳಗೆ ಹೋಗಿಬಿಡಬಹುದು. ಪಕ್ಕದಲ್ಲಿ ಕೂತವರಿಗೆ ಆಟ ಆಡುತ್ತಿರುವಂತೆ ಕಾಣುತ್ತದೆ. "ಕೂಗಿದರೆ ಕೇಳಿಸುತ್ತಿತ್ತು" ಎಂಬ ಧೈರ್ಯಕ್ಕೆ ಆಧಾರವಿಲ್ಲ. ನೀರಿನಲ್ಲಿ ಮುಳುಗಿ ಸಾಯುವ ಪ್ರಮಾಣ ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲೇ ಅತಿ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ನಿಮ್ಮ ಮಗಳ ವಯಸ್ಸು ಅದೇ. ಅವಳಿಗೆ ಪೂಲೇ ಬೇಕಿಲ್ಲ, ಬಾತ್‌ರೂಮಿನ ತುಂಬಿದ ಬಕೆಟ್ ಸಾಕು.

ಪೂಲ್ ಎಂದರೆ ಸಮುದ್ರಕ್ಕಿಂತ ಸೇಫ್ ಎಂದು ಗುಂಪಿನಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. 2024ರ ನವೆಂಬರ್‌ನಲ್ಲಿ ಮಂಗಳೂರಿನ ಹತ್ತಿರ, ಉಳ್ಳಾಲದ ಕಡೆಯ ರೆಸಾರ್ಟ್ ಒಂದರ ಪೂಲ್‌ನಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ತೀರಿಕೊಂಡರು. ಈಜು ಬರುತ್ತಿರಲಿಲ್ಲ. ಅದಾದ ಮುಂದಿನ ತಿಂಗಳೇ ಮುರುಡೇಶ್ವರದಲ್ಲಿ, ಮುಳಬಾಗಿಲಿನಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಬಾಲಕಿಯರು ಸಮುದ್ರಪಾಲಾದರು. ಅದು ಡಿಸೆಂಬರ್. ಮಳೆಗಾಲ ಮುಗಿದು, ಪ್ರವಾಸಿಗರೆಲ್ಲ ಸಮುದ್ರ ಈಗ ಶಾಂತವಾಗಿದೆ ಎಂದುಕೊಳ್ಳುವ ತಿಂಗಳು. ಆ ಮಕ್ಕಳ ಜೊತೆಗೂ ದೊಡ್ಡವರು ಇದ್ದರು.

ಇಷ್ಟು ಹೇಳಿದ ಮೇಲೂ ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಐದು ಮಕ್ಕಳು ಮರಳಿನಲ್ಲಿ ಗುಂಡಿ ತೋಡುತ್ತಾ ದಿನ ಕಳೆಯುವುದು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಬೆಳೆಯುವ ಮಕ್ಕಳಿಗೆ ದೊಡ್ಡ ಸುಖ. ಅದನ್ನು ತಪ್ಪಿಸುವುದು ಯಾಕೆ? ಆದರೆ ಅಡ್ವಾನ್ಸ್ ಕಟ್ಟುವ ಮೊದಲು ಗಂಡನ ಹತ್ತಿರ ಒಂದು ಮಾತುಕತೆ ಆಗಲೇಬೇಕು. ಮಕ್ಕಳು ಮಲಗಿದ ಮೇಲೆ, ಟಿವಿ, ಫೋನ್ ಬದಿಗಿಟ್ಟು. "ಕಳೆದ ವರ್ಷ ನೀವು ನೋಡಲಿಲ್ಲ" ಎಂದು ಶುರು ಮಾಡಿದರೆ ಅವರು ವಾದಕ್ಕೆ ನಿಲ್ಲುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ಅದರ ಬದಲು "ಅವನು ಗಲ್ಲದವರೆಗೆ ನೀರಿನಲ್ಲಿ ನಿಂತಿದ್ದು ಈಗಲೂ ಕಣ್ಣ ಮುಂದೆ ಬರುತ್ತೆ, ನಿಮಗೆ ಬರಲ್ವಾ?" ಎಂದು ಕೇಳಿ ನೋಡಿ. ಕೇಳಿದ ಮೇಲೆ ಸುಮ್ಮನಿರಿ. ಅವರು ಉತ್ತರಿಸಲು ಸ್ವಲ್ಪ ಹೊತ್ತು ಬೇಕಾಗಬಹುದು.

ಆಮೇಲೆ ನಿಮ್ಮ ಷರತ್ತು ಹೇಳಿ. ಷರತ್ತು ಎಂದೇ ಹೇಳಿ, ಬೇಡಿಕೆ ಎಂದಲ್ಲ. ಮಕ್ಕಳು ಪೂಲ್ ಅಥವಾ ಸಮುದ್ರದ ಹತ್ತಿರ ಇರುವಷ್ಟು ಹೊತ್ತೂ ದೊಡ್ಡವರಲ್ಲಿ ಒಬ್ಬರು, ಒಬ್ಬರೇ, ಕಾಯುವ ಪಾಳಿಯಲ್ಲಿ ಇರಬೇಕು. ಅರ್ಧ ಗಂಟೆಯ ಪಾಳಿ. ಅಷ್ಟು ಹೊತ್ತು ಅವರ ಕೈಯಲ್ಲಿ ಫೋನ್ ಇಲ್ಲ, ಗ್ಲಾಸ್ ಇಲ್ಲ, ಹರಟೆಯೂ ಇಲ್ಲ. ಎರಡು ವರ್ಷದವಳು ನೀರಿನ ಹತ್ತಿರ ಇದ್ದರೆ ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಇನ್ನೊಬ್ಬರು ಬೇಕು. ಪಾಳಿ ಬದಲಾಗುವಾಗ ಬಾಯಿಬಿಟ್ಟು ಹೇಳಬೇಕು: "ಈಗ ನೀನು." "ಆಯ್ತು, ಈಗ ನಾನು." ಗುರುತಿಗೆ ಒಂದು ಕೆಂಪು ಟೋಪಿ ಇಟ್ಟುಕೊಳ್ಳಿ. ಟೋಪಿ ಯಾರ ತಲೆ ಮೇಲಿದೆಯೋ ಅವರು ಇನ್ನೊಬ್ಬರ ತಲೆಗೆ ಹಾಕದೆ ಟಾಯ್ಲೆಟ್‌ಗೂ ಏಳುವಂತಿಲ್ಲ. ನಗುತ್ತಾರೆ, ನಗಲಿ. ಗೆಳೆಯರ ಒಂಬತ್ತು ಹತ್ತು ವರ್ಷದ ಮಗಳಿದ್ದರೆ ಅವಳ ತಲೆಗೆ ಮಾತ್ರ ಆ ಟೋಪಿ ಹೋಗಕೂಡದು. "ಅಕ್ಕ ನೋಡ್ಕೋತಾಳೆ" ಎಂಬ ಮಾತು ನಮ್ಮ ಮನೆಗಳಲ್ಲಿ ತೀರಾ ಸಲೀಸಾಗಿ ಬರುತ್ತದೆ. ಅವಳೂ ಮಗುವೇ.

ಕುಡಿತದ ಬಗ್ಗೆ ಜಾಸ್ತಿ ಉಪದೇಶ ಬೇಡ. ಮಕ್ಕಳು ನೀರಿನಿಂದ ಹೊರಬಂದು, ಊಟ ಮಾಡಿ, ರೂಮಿನ ಬಾಗಿಲು ಹಾಕಿದ ಮೇಲೆ ಬಾಟಲಿ ತೆರೆಯಲಿ. ಪೂಲ್ ಪಕ್ಕದಲ್ಲಿ ಬೇಡ. ಅದರ ಬಿಲ್ ಕುಡಿದವರ ಪಾಲಿಗೆ.

ರೆಸಾರ್ಟ್‌ಗೆ ನೀವೇ ಫೋನ್ ಮಾಡಿ. ಗೆಳೆಯರು ಫೋಟೋ ನೋಡಿ ಆರಿಸಿರುತ್ತಾರೆ, ಫೋಟೋದಲ್ಲಿ ಪೂಲ್ ನೀಲಿಯಾಗಿ ಕಾಣುತ್ತದೆ, ಆಳ ಕಾಣುವುದಿಲ್ಲ. ಮಕ್ಕಳ ಪೂಲ್ ಬೇರೆ ಇದೆಯಾ, ಎಷ್ಟು ಆಳ? ದೊಡ್ಡವರ ಪೂಲ್‌ಗೂ ಅದಕ್ಕೂ ನಡುವೆ ಬೇಲಿ ಅಥವಾ ಗೇಟ್ ಇದೆಯಾ? ಲೈಫ್‌ಗಾರ್ಡ್ ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಇರುತ್ತಾರೆ? "ಇರ್ತಾರೆ ಮೇಡಂ" ಎಂಬ ಉತ್ತರಕ್ಕೆ ಸುಮ್ಮನಾಗಬೇಡಿ, ಸಮಯ ಕೇಳಿ. ರೂಮಿನ ಬಾಗಿಲು ತೆರೆದರೆ ನೇರ ಪೂಲ್ ಎಂಬ ಕಾಟೇಜುಗಳನ್ನು ಹೆಚ್ಚು ದುಡ್ಡಿಗೆ ಕೊಡುತ್ತಾರೆ. ಚಿಕ್ಕ ಮಕ್ಕಳಿರುವವರಿಗೆ ಅದು ಬೇಡವೇ ಬೇಡ. ತೋಳಿಗೆ ಸಿಕ್ಕಿಸುವ ಗಾಳಿ ತುಂಬಿದ ಬಣ್ಣದ ಫ್ಲೋಟ್‌ಗಳು ಆಟಿಕೆ, ಅವು ಲೈಫ್ ಜಾಕೆಟ್ ಅಲ್ಲ. ಮಕ್ಕಳ ಅಳತೆಯ ಲೈಫ್ ಜಾಕೆಟ್ ಇದೆಯಾ ಎಂದೂ ಕೇಳಿ.

ಗೋಕರ್ಣವೇ ಆಗಬೇಕಾ ಎಂದು ಒಮ್ಮೆ ಕೇಳಬಹುದು. ಓಂ ಬೀಚ್, ಕುಡ್ಲೆ ಬೀಚ್ ನೋಡಲು ಚೆಂದ, ಆದರೆ ಬಂಡೆಗಳ ಜಾಗ. ಹೊನ್ನಾವರದ ಹತ್ತಿರದ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ ಬೀಚ್‌ಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಅದರ ಷರತ್ತುಗಳಲ್ಲಿ ಸ್ವಚ್ಛತೆಯ ಜೊತೆ ಸುರಕ್ಷತೆಯೂ ಇದೆ. ಎಲ್ಲೇ ಹೋದರೂ ಲೈಫ್‌ಗಾರ್ಡ್ ಸೀಟಿ ಊದಿದರೆ ಹೊರಗೆ ಬನ್ನಿ, ಅವರ ಜೊತೆ ವಾದ ಬೇಡ. ಅಲೆಗಳ ನಡುವೆ ಒಂದು ಕಡೆ ಮಾತ್ರ ಅಲೆ ಏಳದೆ ನೀರು ಸಮತಟ್ಟಾಗಿ ಕಂಡರೆ ಮಕ್ಕಳನ್ನು ಅಲ್ಲಿಗೇ ಕರೆದೊಯ್ಯಬೇಕು ಅನ್ನಿಸುತ್ತದೆ. ದಡಕ್ಕೆ ಬಂದ ನೀರು ವಾಪಸ್ ಸಮುದ್ರಕ್ಕೆ ಎಳೆದುಕೊಂಡು ಹೋಗುವ ದಾರಿ ಎಷ್ಟೋ ಸಲ ಅದೇ ಆಗಿರುತ್ತದೆ. ಅಲ್ಲಿಗೆ ದೊಡ್ಡವರೂ ಹೋಗಬಾರದು. ಮಕ್ಕಳಿಗೆ ಕಾಲು ಒದ್ದೆಯಾಗುವಷ್ಟು ನೀರು ಸಾಕು, ಅದೂ ಕೈ ಹಿಡಿದುಕೊಂಡು.

ಈಗ ಗೆಳೆತನದ ವಿಷಯ. ಉಳಿದ ಇಬ್ಬರು ಹೆಂಗಸರ ಬಗ್ಗೆ ನೀವು ಒಂದು ಮಾತೂ ಬರೆದಿಲ್ಲ. ಅವತ್ತು ಸಂಜೆ ಅವರೆಲ್ಲಿದ್ದರು? ಒಬ್ಬರು ರೂಮಿನಲ್ಲಿ ಕೂಸಿಗೆ ರಾಗಿ ಸರಿ ಕಲಸುತ್ತಿದ್ದರೇನೋ, ಇನ್ನೊಬ್ಬರು ಒದ್ದೆ ಬಟ್ಟೆ ಹಿಂಡಿ ಬಾಲ್ಕನಿಯಲ್ಲಿ ಹರವುತ್ತಿದ್ದರೇನೋ. ಅವರಿಗೂ ಅದು ರಜೆಯಾಗಿರಲಿಲ್ಲ ಎಂದು ನನ್ನ ಊಹೆ. ಪಾಳಿಯ ಮಾತು ಅವರಿಗೆ ನಿಮಗಿಂತ ಜಾಸ್ತಿ ಹಿಡಿಸಬಹುದು. ಗಂಡಸರಿಗೆ ಮಾತ್ರ ಪಾಳಿ ಹಾಕಬೇಡಿ, ಆರು ಜನಕ್ಕೂ ಹಾಕಿ. ಆಗ ನಿಮ್ಮ ಪಾಲಿಗೂ ದಿನಕ್ಕೆ ಕೆಲವು ಗಂಟೆ ಪೂರ್ತಿ ನಿಮ್ಮದೇ ಆಗಿ ಸಿಗುತ್ತದೆ. ಆ ಹೊತ್ತಿನಲ್ಲಿ ಮಲಗಿ, ಒಬ್ಬರೇ ನಡೆದು ಹೋಗಿ, ಬೇಕಿದ್ದರೆ ನೀವೂ ಒಂದು ಬಿಯರ್ ಕುಡಿಯಿರಿ. ಮತ್ತೆ ಮತ್ತೆ ಬಂದು ಇಣುಕಬೇಡಿ. ಟೋಪಿ ಹಾಕಿಕೊಂಡವರು ನಿಮ್ಮ ಗಂಡನೇ ಆಗಿದ್ದರೂ ಇಣುಕಬೇಡಿ. ಇದು ನಿಮಗೆ ಎಲ್ಲಕ್ಕಿಂತ ಕಷ್ಟವಾಗುತ್ತದೆ ಎಂದು ಗೊತ್ತು.

ಇಷ್ಟಕ್ಕೂ ಅವರು ಒಪ್ಪದಿದ್ದರೆ ಈ ಸಲ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ನಿಮ್ಮ ಗಂಡ ಗೆಳೆಯರ ಜೊತೆ ಎರಡು ದಿನ ಹೋಗಿ ಬರಲಿ, ಮುನಿಸಿಲ್ಲದೆ ಕಳಿಸಿ. ಬೇರೆ ವಾರ ನೀವು ನಾಲ್ವರೇ ಎಲ್ಲಾದರೂ ಹೋಗಿ. ಮಕ್ಕಳನ್ನು ಅರ್ಧ ಗಂಟೆ ಕಾಯಲು ಹೇಳಿದ್ದಕ್ಕೇ ಒಡೆಯುವ ಗುಂಪಾದರೆ, ಅದು ನಿಮ್ಮಿಂದ ಒಡೆಯಿತು ಎಂದು ನಾನಂತೂ ಒಪ್ಪುವುದಿಲ್ಲ.

ಗಂಡನ ಜೊತೆ ಮಾತಾಡಿದ ಮರುದಿನವೇ ಆ ಇಬ್ಬರು ಹೆಂಗಸರಿಗೆ ಫೋನ್ ಮಾಡಿ. ವಾಟ್ಸಾಪ್ ಗ್ರೂಪಿನಲ್ಲಿ ಮಾತ್ರ ಹಾಕಬೇಡಿ. ಅಲ್ಲಿ ಹಾಕಿದರೆ ಐದು ಜನ ಹೆಬ್ಬೆರಳು ಒತ್ತುತ್ತಾರೆ, ಒಬ್ಬರೂ ಓದಿರುವುದಿಲ್ಲ.