ಐಎನ್‌ಟಿಪಿ ಅಂತ ಬಂದರೆ ಕೆಲಸದಲ್ಲಿ ಮೇಲೆ ಬರುವುದು ಕಷ್ಟವಾ?

ಆನ್‌ಲೈನ್ ವ್ಯಕ್ತಿತ್ವ ಟೆಸ್ಟ್‌ನಲ್ಲಿ ಐಎನ್‌ಟಿಪಿ (INTP, ಜನರನ್ನು ಹದಿನಾರು ಬಗೆಯಾಗಿ ವಿಂಗಡಿಸುವ ಪದ್ಧತಿಯಲ್ಲಿ ಒಂದು ಬಗೆ) ಅಂತ ಬಂದಿದೆ, ಮಾತು ಕಡಿಮೆ, ಯೋಚನೆ ಜಾಸ್ತಿ, ಸಾಫ್ಟ್‌ವೇರ್ ಕೆಲಸದಲ್ಲಿ ಹೀಗೇ ಇದ್ದರೆ ಮೇಲೆ ಬರಬಹುದಾ ಅಂತ ಕೇಳಿದ್ದೀರಿ.

ಬರಬಹುದು. ಆದರೆ ಆ ನಾಲ್ಕು ಅಕ್ಷರಗಳನ್ನು ಅಷ್ಟು ತಲೆಗೆ ಹಚ್ಚಿಕೊಳ್ಳಬೇಡಿ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯುಂಗ್ 1921ರಲ್ಲಿ ಬರೆದದ್ದನ್ನು ಹಿಡಿದು ಅಮೆರಿಕದ ತಾಯಿ-ಮಗಳು, ಕ್ಯಾಥರೀನ್ ಬ್ರಿಗ್ಸ್ ಮತ್ತು ಇಸಬೆಲ್ ಮೈಯರ್ಸ್, ಕಟ್ಟಿದ ವರ್ಗೀಕರಣ ಅದು. ಕೆಲವು ವಾರ ಬಿಟ್ಟು ಟೆಸ್ಟ್ ಮತ್ತೆ ಬರೆದರೆ ಎಷ್ಟೋ ಜನರಿಗೆ ಬೇರೆ ಅಕ್ಷರ ಬರುತ್ತದೆ. ಬ್ಯಾರಿಕ್ ಮತ್ತು ಮೌಂಟ್ ಎಂಬ ಸಂಶೋಧಕರು 1991ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗ, ಎಲ್ಲ ಬಗೆಯ ಉದ್ಯೋಗದಲ್ಲೂ ಕೈ ಹಿಡಿದ ಗುಣ ಒಂದೇ: ಒಪ್ಪಿಕೊಂಡ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸುವುದು. ಜನರೊಡನೆ ಬೆರೆಯುವ ಸ್ವಭಾವ ಮುಖ್ಯವಾಗಿ ನೆರವಾದದ್ದು ಸೇಲ್ಸ್‌ನವರಿಗೆ, ಮ್ಯಾನೇಜರ್‌ಗಳಿಗೆ.

ನಾನು ಡೇಟಾಬೇಸ್ ಕೆಲಸದವನು, ನಿಮ್ಮ ಥರದವನೇ. ನಮ್ಮಂಥವರಿಗೆ ಪೆಟ್ಟು ಬೀಳುವುದು ಅಪ್ರೈಸಲ್‌ನಲ್ಲಿ, ಅಂದರೆ ಕಂಪನಿ ನಮ್ಮ ಕೆಲಸವನ್ನು ಅಳೆದು ರೇಟಿಂಗ್ ಕೊಡುವಾಗ. ತುಂಬಾ ಕಂಪನಿಗಳಲ್ಲಿ ರೇಟಿಂಗ್ ತೀರ್ಮಾನ ಆಗುವುದು ನೀವಿಲ್ಲದ ಮೀಟಿಂಗ್‌ನಲ್ಲಿ. ಮೇಲಿನ ರೇಟಿಂಗ್ ಇಷ್ಟೇ ಜನಕ್ಕೆ ಅಂತ ಮಿತಿ ಇರುತ್ತದೆ. ಮ್ಯಾನೇಜರ್‌ಗಳು ಕೂತು ತಮ್ಮ ತಮ್ಮ ಟೀಮಿನವರ ಪರ ವಾದ ಮಾಡುತ್ತಾರೆ. ನಿಮ್ಮ ಬಗ್ಗೆ "ಪಾಪ, ಸೈಲೆಂಟಾಗಿ ಕೆಲಸ ಮಾಡ್ತಾರೆ" ಅಂದರೆ ಮುಗೀತು. ಪಕ್ಕದವರು "ಆರು ಗಂಟೆ ಓಡ್ತಿದ್ದ ಬಿಲ್ಲಿಂಗ್ ಜಾಬನ್ನು ನಲವತ್ತು ನಿಮಿಷಕ್ಕೆ ಇಳಿಸಿದ್ದಾರೆ" ಅಂದರೆ ರೇಟಿಂಗ್ ಅತ್ತ ಹೋಯಿತು.

ಆ ವಾಕ್ಯವನ್ನು ನೀವೇ ಬರೆದುಕೊಡಿ. ತಿಂಗಳಿಗೊಮ್ಮೆ ಮ್ಯಾನೇಜರ್‌ಗೆ ಪುಟ್ಟ ಮೇಲ್: ಏನು ಕೆಟ್ಟಿತ್ತು, ಏನು ಮಾಡಿದೆ, ಈಗ ಎಷ್ಟು ಉಳಿಯುತ್ತಿದೆ. ಜಂಬ ಕೊಚ್ಚಿಕೊಂಡ ಹಾಗೆ ಅನ್ನಿಸುತ್ತದೆ, ಗೊತ್ತು. ವಿಶೇಷಣ ಬಿಟ್ಟು ಬರೀ ಅಂಕಿ ಹಾಕಿ, ಮುಜುಗರ ಕಡಿಮೆಯಾಗುತ್ತದೆ.

ಮೀಟಿಂಗ್‌ನಲ್ಲಿ ಥಟ್ ಅಂತ ಮಾತು ಹೊರಡುವುದಿಲ್ಲ ಅಲ್ವಾ? ಹಿಂದಿನ ದಿನವೇ ಡಿಸೈನ್ ಡಾಕ್ಯುಮೆಂಟ್‌ನಲ್ಲಿ (ಏನನ್ನು ಹೇಗೆ ಕಟ್ಟುತ್ತೇವೆ ಅಂತ ಬರೆದಿಡುವ ಕಡತ) ಕಮೆಂಟ್ ಹಾಕಿಬಿಡಿ. ಮರುದಿನ ಜೋರು ಬಾಯಿಯವರೂ ಅದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ. ಅಮೆಜಾನ್‌ನಲ್ಲಿ ಎಲ್ಲರೂ ಮೊದಲು ಸುಮ್ನೆ ಕೂತು ಆರು ಪುಟದ ಟಿಪ್ಪಣಿ ಓದಿ, ಆಮೇಲೆ ಚರ್ಚೆಗೆ ಇಳಿಯುವ ಪದ್ಧತಿ ಇದೆ. ನಮಗೆ ಹೇಳಿ ಮಾಡಿಸಿದ್ದು.

ಇನ್ನೊಂದು ಕಾಯಿಲೆ, ಪೂರ್ತಿ ಖಚಿತ ಆಗುವವರೆಗೂ ಬಾಯಿ ಬಿಡದಿರುವುದು. "ಡೇಟಾಬೇಸ್ ಇಂಡೆಕ್ಸ್ ಮೇಲೆ ಅನುಮಾನ ಇದೆ, ಗುರುವಾರದೊಳಗೆ ನೋಡಿ ಹೇಳುತ್ತೇನೆ" ಅಂದರೂ ಸಾಕು. ನೀವು ಸುಮ್ಮನಿದ್ದರೆ, ನಿಮ್ಮ ತಲೆಯಲ್ಲಿ ಏನು ಓಡುತ್ತಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಮೇಲೆ ಬರಲು ಮ್ಯಾನೇಜರೇ ಆಗಬೇಕು ಅಂತಿಲ್ಲ. ದೊಡ್ಡ ಕಂಪನಿಗಳಲ್ಲಿ ಸ್ಟಾಫ್ ಎಂಜಿನಿಯರ್, ಪ್ರಿನ್ಸಿಪಲ್ ಎಂಜಿನಿಯರ್ ಅಂತ ತಾಂತ್ರಿಕ ದಾರಿ ಬೇರೆಯೇ ಇರುತ್ತದೆ. ಆದರೆ ಎಚ್‌ಆರ್‌ನವರು ಸ್ಲೈಡ್‌ನಲ್ಲಿ ತೋರಿಸಿದ್ದನ್ನಷ್ಟೇ ನಂಬಬೇಡಿ. ನಿಮ್ಮ ಕಂಪನಿಯಲ್ಲಿ ಆ ಹುದ್ದೆಯಲ್ಲಿ ನಿಜಕ್ಕೂ ಯಾರಿದ್ದಾರೆ ಅಂತ ವಿಚಾರಿಸಿ. ಯಾರೂ ಇಲ್ಲದಿದ್ದರೆ ಬೇರೆ ಕಡೆ ನೋಡಲು ಶುರು ಮಾಡಿ.